ಸಂದಿಯ ಲೆಕ್ಕ

(ಒಂದು ಭಾನುವಾರ ಬೆಳಗ್ಗೆ ಬಸವನಗುಡಿಯ ಸಣ್ಣ ಸಭಾಂಗಣವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೇಜಿನ ಮೇಲೆ ನೀರು ಚೆಲ್ಲಿದ್ದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ನನ್ನ ಮರ್ಯಾದೆ ಹೋದ ಕಥೆ ಹೇಳಿಬಿಡುತ್ತೇನೆ. ಆಮೇಲೆ ಉಳಿದದ್ದು.

ನಾನು ಮೂವತ್ತು ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟವನು. ನಿವೃತ್ತನಾದ ಮೇಲೆ ಮನೆ ಮುಂದೆ, ಮಳೆನೀರನ್ನು ನೆಲಕ್ಕೆ ಇಳಿಸುವ ಒಂದು ಇಂಗುಬಾವಿ ತೋಡಿಸಿದೆ. ಬೆಂಗಳೂರಿನಲ್ಲಿ ಇದು ಹೊಸ ವಿಷಯವೇನಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ ಬೀಳುವ ಊರು ಇದು. 2009ರಿಂದ ಇಂತಿಷ್ಟು ಅಳತೆಗಿಂತ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯವೂ ಆಗಿದೆ. ಬಾವಿ ತೋಡುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ಮಣ್ಣು ವಡ್ಡರ ತಂಡವೊಂದು ಬಂತು. ಮೂರು ದಿನದಲ್ಲಿ 20 ಅಡಿ ಆಳ, 5 ಅಡಿ ಅಗಲದ ಗುಂಡಿ ರೆಡಿ. ಅದರೊಳಗೆ ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದರು. ರಿಂಗಿನ ಹೊರಗಡೆಯ ಅಗಲ 4 ಅಡಿ. ರಿಂಗಿಗೂ ಮಣ್ಣಿಗೂ ನಡುವೆ ಸುತ್ತಲೂ ಅರ್ಧ ಅಡಿ ಸಂದಿ. ಆ ಸಂದಿಗೆ ಜಲ್ಲಿ ತುಂಬಬೇಕು. ಎಷ್ಟು ಜಲ್ಲಿ ತರಿಸಲಿ ಸಾರ್ ಎಂದು ಮೇಸ್ತ್ರಿ ಕೇಳಿದ.

ಮೇಷ್ಟ್ರ ಮನೆಯಲ್ಲಿ ಕೇಳುವ ಪ್ರಶ್ನೆಯೇ ಅದು! ನಾನು ಪೇಪರ್ ಕೂಡ ತೆಗೆಯಲಿಲ್ಲ. ಐದರಲ್ಲಿ ನಾಲ್ಕು ಹೋದರೆ ಒಂದು. ಒಂದಡಿ ವ್ಯಾಸ, ಅಂದರೆ ತ್ರಿಜ್ಯ ಅರ್ಧ ಅಡಿ. ಅದರ ವರ್ಗ ಕಾಲು. ಪೈ ಹಾಕಿ, ಇಪ್ಪತ್ತರಿಂದ ಗುಣಿಸಿ. ಹದಿನಾರು ಘನ ಅಡಿ ಹತ್ತಿರ ಬಂತು. ಒಂದು ಸಿಮೆಂಟ್ ಚೀಲದಲ್ಲಿ ಒಂದೂಕಾಲು ಘನ ಅಡಿ ಹಿಡಿಯುತ್ತದೆ. ಹದಿಮೂರು ಚೀಲ ಸಾಕು ಅಂದೆ. ಲಗೇಜ್ ಆಟೋದಲ್ಲಿ ಹದಿಮೂರು ಚೀಲ ಜಲ್ಲಿ ಬಂತು, ಸುರಿದರು. ಇಪ್ಪತ್ತಡಿ ಸಂದಿಯಲ್ಲಿ ಅದು ಎರಡೂಕಾಲು ಅಡಿಯಷ್ಟು ಮೇಲೆ ಬಂದು ನಿಂತಿತು.

ಮೇಸ್ತ್ರಿ ಬಗ್ಗಿ ನೋಡಿದ. ನನ್ನ ಮುಖ ನೋಡಿದ. ಏನೂ ಅನ್ನಲಿಲ್ಲ. ಅಂದದ್ದು ನನ್ನ ಹೆಂಡತಿ: "ಏನ್ರೀ, ಮೂವತ್ತು ವರ್ಷ ಆ ಮಕ್ಕಳಿಗೆ ಏನ್ ಹೇಳ್ಕೊಟ್ರಿ?"

ಆಮೇಲೆ ಮೇಸ್ತ್ರಿ ಮಾಡಿದ್ದನ್ನು ನೀವು ನೋಡಬೇಕಿತ್ತು. ಒಂದು ದಾರ ತಗೊಂಡ. ರಿಂಗಿನ ಅಂಚಿಗೂ ಹಿಡಿಯಲಿಲ್ಲ, ಮಣ್ಣಿನ ಅಂಚಿಗೂ ಹಿಡಿಯಲಿಲ್ಲ. ಎರಡರ ಮಧ್ಯೆ, ಸಂದಿಯ ಸರಿ ನಡುವೆ, ಹುಡುಗನೊಬ್ಬನನ್ನು ಜೊತೆಗೆ ಇಟ್ಟುಕೊಂಡು ಒಂದು ಸುತ್ತು ಹಾಕಿಸಿದ. ದಾರವನ್ನು ಟೇಪಿಗೆ ಹಿಡಿದ. 14 ಅಡಿ, ಮೇಲೆ ಒಂದೂವರೆ ಇಂಚು. "ಹದಿನಾಲ್ಕಕ್ಕೆ ಅರ್ಧ ಏಳು. ಏಳಿಪ್ಪತ್ಲಿ ನೂರಾ ನಲವತ್ತು. ಒಂದೂವರೆ ಯೂನಿಟ್ ಹೇಳ್ಬಿಡಿ ಸಾರ್." ಒಂದು ಯೂನಿಟ್ ಅಂದರೆ ನೂರು ಘನ ಅಡಿ. ಒಂದೂವರೆ ಯೂನಿಟ್ ಬಂತು, ಸಂದಿ ತುಂಬಿತು, ಒಂದಷ್ಟು ಮಿಕ್ಕಿತು.

ಸರಿಯಾದ ಲೆಕ್ಕ ಈಗ ಮಾಡೋಣ. ಹೊರಗಿನ ವೃತ್ತದ ತ್ರಿಜ್ಯ ಎರಡೂವರೆ, ಅದರ ವರ್ಗ 6.25. ಒಳಗಿನದು ಎರಡು, ವರ್ಗ 4. ಕಳೆದರೆ 2.25. ಪೈಯಿಂದ ಗುಣಿಸಿದರೆ 7.07 ಚದರ ಅಡಿ. ಇಪ್ಪತ್ತಡಿ ಆಳಕ್ಕೆ 141 ಘನ ಅಡಿ. ನಾನು ಹೇಳಿದ್ದು ಹದಿನಾರು. ಒಂಬತ್ತು ಪಟ್ಟು ತಪ್ಪು!

ಇಲ್ಲಿರುವ ಹೈಸ್ಕೂಲು ಮಕ್ಕಳಿಗೆ ನನ್ನ ತಪ್ಪು ಆಗಲೇ ಗೊತ್ತಾಗಿರುತ್ತದೆ. ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಬೇರೆ, ಎ ಮೈನಸ್ ಬಿ ಹೋಲ್ ಸ್ಕ್ವೇರ್ ಬೇರೆ. ಇದನ್ನೇ ತಪ್ಪು ಮಾಡಿದ್ದಕ್ಕೆ ಎಷ್ಟು ಮಕ್ಕಳ ಉತ್ತರಪತ್ರಿಕೆಗೆ ನಾನು ಕೆಂಪು ಗೀಟು ಹಾಕಿದ್ದೀನೋ. ಸಂದಿ ಕಣ್ಣಿಗೆ ತೆಳ್ಳಗೆ ಕಾಣುತ್ತದೆ. ಆ ತೆಳುವನ್ನೇ ಹಿಡಿದುಕೊಂಡು ಲೆಕ್ಕಕ್ಕೆ ಹೊರಟರೆ ಹೀಗೆ ಆಗುತ್ತದೆ. ಸಂದಿ ತೆಳ್ಳಗಿದ್ದರೂ ಅದು ಸುತ್ತಿ ಬರುವ ದಾರಿ ಉದ್ದ. ಮೇಸ್ತ್ರಿ ಅಳೆದದ್ದು ಆ ದಾರಿಯನ್ನು.

ಅವನ ದಾರ ಅಂದಾಜಿನ ದಾರ ಅಂದುಕೊಳ್ಳಬೇಡಿ. ಅದು ಚೂರೂ ಹೆಚ್ಚುಕಡಿಮೆ ಇಲ್ಲದ ಲೆಕ್ಕ. ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಅನ್ನು ಬಿಡಿಸಿದರೆ ಎರಡು ತುಂಡು ಬರುತ್ತದೆ: ಎ ಮೈನಸ್ ಬಿ, ಎ ಪ್ಲಸ್ ಬಿ. ಮೊದಲನೆಯದು ಸಂದಿಯ ಅಗಲ. ಎರಡನೆಯದನ್ನು ಪೈಯಿಂದ ಗುಣಿಸಿದರೆ ಸಿಗುವುದೇ ನಡುವಿನ ಸುತ್ತಳತೆ. ಬೀಜಗಣಿತ ದಾರದಲ್ಲೇ ಇತ್ತು. ನಮ್ಮ ಕಡೆ ಈ ಆಕಾರಕ್ಕೆ ಹಳೆಯ ಹೆಸರೂ ಇದೆ. ಬಂಡಿ ಚಕ್ರದ ಸುತ್ತಿನ ಪಟ್ಟಿಗೆ ನೇಮಿ ಅನ್ನುತ್ತಾರೆ. ಸುಮಾರು 850ರಲ್ಲಿ ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದಲ್ಲಿ ನೇಮಿಯಾಕಾರದ ಕ್ಷೇತ್ರಕ್ಕೂ ಲೆಕ್ಕ ಇದೆ, ಗುಂಡಿ ತೋಡುವ ಲೆಕ್ಕಕ್ಕೇ ಒಂದು ಬೇರೆ ಅಧ್ಯಾಯವೂ ಇದೆ. ಅವನು ಹೊಗಳಿದ ರಾಜ ರಾಷ್ಟ್ರಕೂಟರ ಅಮೋಘವರ್ಷ, ನಮ್ಮ ನೃಪತುಂಗ ರಸ್ತೆಯ ನೃಪತುಂಗನೇ. ಹನ್ನೆರಡನೆಯ ಶತಮಾನಕ್ಕೆ ಬಂದರೆ ರಾಜಾದಿತ್ಯ ಇಂಥ ಲೆಕ್ಕಗಳನ್ನು ಕನ್ನಡದಲ್ಲೇ ಬರೆದ. ಹಾಗಾಗಿ ಕನ್ನಡದಲ್ಲಿ ಗಣಿತ ಮಾತಾಡುವುದು ಕಷ್ಟ ಅಂತ ಯಾರಾದರೂ ಅಂದರೆ ನನಗೆ ಸ್ವಲ್ಪ ನಗು ಬರುತ್ತದೆ.

ಇನ್ನೊಂದು ತಮಾಷೆ ಆಮೇಲೆ ಹೊಳೆಯಿತು. ಒಂದು ನೇರ ಕೋಲು ತಗೊಂಡು, ಅದು ರಿಂಗಿನ ಹೊರಮೈಗೆ ಒಂದು ಕಡೆ ಮಾತ್ರ ತಾಗುವ ಹಾಗೆ, ಎರಡು ತುದಿಯೂ ಮಣ್ಣಿನ ಅಂಚು ಮುಟ್ಟುವ ಹಾಗೆ ಅಡ್ಡಕ್ಕೆ ಇಡಿ. ಆ ಕೋಲಿನ ಉದ್ದ ಅಷ್ಟೇ ಸಾಕು. ರಿಂಗಿನ ತ್ರಿಜ್ಯವೂ ಬೇಡ, ಗುಂಡಿಯದೂ ಬೇಡ. ಕೋಲನ್ನೇ ವ್ಯಾಸ ಅಂತ ಇಟ್ಟುಕೊಂಡು ಒಂದು ವೃತ್ತ ಬರೆದರೆ ಅದರ ವಿಸ್ತೀರ್ಣವೂ ಸಂದಿಯ ವಿಸ್ತೀರ್ಣವೂ ಒಂದೇ. ಯಾಕೆ ಅಂದರೆ ನಡುಬಿಂದುವಿನಿಂದ ಕೋಲು ತಾಗಿದ ಜಾಗಕ್ಕೆ ಒಂದು ಗೆರೆ, ಕೋಲಿನ ತುದಿಗೆ ಒಂದು ಗೆರೆ ಎಳೆಯಿರಿ, ಲಂಬಕೋನ ತ್ರಿಭುಜ ಆಯಿತು. ಒಂದು ಬಾಹು ಒಳ ತ್ರಿಜ್ಯ, ಕರ್ಣ ಹೊರ ತ್ರಿಜ್ಯ, ಉಳಿದ ಬಾಹು ಅರ್ಧ ಕೋಲು. ವರ್ಗಗಳನ್ನು ಕಳೆದರೆ ಉಳಿಯುವುದು ಅರ್ಧ ಕೋಲಿನ ವರ್ಗ.

ನಮ್ಮ ಬಾವಿಗೆ ಇದನ್ನು ಹಾಕಿ ನೋಡಿ. ಕೋಲಿನ ಉದ್ದ ಸರಿಯಾಗಿ ಮೂರಡಿ ಬರುತ್ತದೆ. ಮೂರು, ನಾಲ್ಕು, ಐದು! ಐದಡಿ ಬಾವಿಯಲ್ಲಿ ನಾಲ್ಕಡಿ ರಿಂಗು ಇಳಿಸಿದರೆ ಉಳಿಯುವ ಸಂದಿ ಒಂದು ಪೂರ್ತಿ ಮೂರಡಿ ಬಾವಿಗೆ ಸಮ. ಅರ್ಧ ಅಡಿ ಸಂದಿ ಅಂತ ಸದರ ಮಾಡಿದ್ದೆ ನೋಡಿ, ಅದರೊಳಗೆ ಒಂದು ಬಾವಿಯೇ ಕೂತಿತ್ತು. ಈ ಕೋಲನ್ನು ನೆನಪಿಟ್ಟುಕೊಳ್ಳಿ. ಮುಂದೆ ಎರಡು ಸಲ ಬೇಕಾಗುತ್ತದೆ.

(ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿದರು: ರಿಂಗು ಸರಿ ನಡುವೆ ಕೂರದೆ ಒಂದು ಕಡೆ ವಾಲಿದ್ದರೆ?)

ಒಳ್ಳೆಯ ಪ್ರಶ್ನೆ. ಆಗ ಕೋಲಿನ ಉಪಾಯ ಕೈಕೊಡುತ್ತದೆ, ಒಂದೊಂದು ಕಡೆ ಒಂದೊಂದು ಉದ್ದ ಬರುತ್ತದೆ. ಆದರೆ ಸಂದಿಯ ಮೊತ್ತ ಬದಲಾಗುವುದಿಲ್ಲ. ಒಂದು ಕಡೆ ಕಿರಿದಾದಷ್ಟು ಇನ್ನೊಂದು ಕಡೆ ಹಿಗ್ಗಿರುತ್ತದೆ. ದೊಡ್ಡ ಡಬ್ಬಿಯೊಳಗಿನ ಚಿಕ್ಕ ಡಬ್ಬಿಯನ್ನು ಎಷ್ಟು ಅಲ್ಲಾಡಿಸಿದರೂ ಒಳಗೆ ಮಿಕ್ಕ ಜಾಗ ಅಷ್ಟೇ ಅಲ್ವಾ? ಹೊರಗಿನದರಲ್ಲಿ ಒಳಗಿನದನ್ನು ಕಳೆಯುವ ಲೆಕ್ಕಕ್ಕೆ ಒಳಗಿನದು ಎಲ್ಲಿದೆ ಅನ್ನುವ ಗೊಡವೆ ಇಲ್ಲ.

ಈಗ ಸಿಲಿಂಡರ್ ಬಿಟ್ಟು ಗೋಳಕ್ಕೆ ಬರೋಣ. ಚಕ್ಕೋತ ತಂದಿದ್ದೇನೆ. ದೇವನಹಳ್ಳಿ ಚಕ್ಕೋತ ಗೊತ್ತಲ್ಲ, ವಿಮಾನ ನಿಲ್ದಾಣ ಬರುವ ಮುಂಚೆ ಆ ಊರಿಗೆ ಹೆಸರು ಬಂದಿದ್ದು ಈ ಹಣ್ಣಿನಿಂದ. ಅದಕ್ಕೆ ಆ ಊರಿನದೇ ಬೆಳೆ ಅನ್ನುವ ಜಿಐ ಮಾನ್ಯತೆ ಕೂಡ ಇದೆ. ಇದರ ವ್ಯಾಸ 16 ಸೆಂಟಿಮೀಟರ್. ನಿನ್ನೆ ಇದರ ಜೊತೆಯದನ್ನು ಮನೆಯಲ್ಲಿ ಕುಯ್ದು ನೋಡಿದೆ, ಸಿಪ್ಪೆ ಸುಮಾರು 2 ಸೆಂಟಿಮೀಟರ್ ದಪ್ಪ ಇತ್ತು. ಹೇಳಿ, ಈ ಹಣ್ಣಿನಲ್ಲಿ ಸಿಪ್ಪೆ ಎಷ್ಟು ಭಾಗ?

ಕಾಲು ಅಂದವರು ಜಾಸ್ತಿ ಇದ್ದೀರಿ. ತ್ರಿಜ್ಯ ಎಂಟು, ಅದರಲ್ಲಿ ಸಿಪ್ಪೆ ಎರಡು, ಹಾಗಾಗಿ ಕಾಲು. ಹೀಗಂದವರು ನನ್ನ ಹಾಗೆ ಹದಿಮೂರು ಚೀಲ ಜಲ್ಲಿ ತರಿಸಿದವರು! ತೊಳೆಯ ಭಾಗದ ತ್ರಿಜ್ಯ 6, ಇಡೀ ಹಣ್ಣಿನದು 8. ಮುಕ್ಕಾಲು. ಗೋಳದ ಘನಫಲ ತ್ರಿಜ್ಯದ ಘನದ ಜೊತೆ ಏರುತ್ತದೆ. ಮುಕ್ಕಾಲನ್ನು ಮೂರು ಸಲ ಗುಣಿಸಿದರೆ 64ರಲ್ಲಿ 27 ಪಾಲು. ಅಂದರೆ ತಿನ್ನುವುದು ನೂರಕ್ಕೆ 42, ಸಿಪ್ಪೆ ನೂರಕ್ಕೆ 58. ದುಡ್ಡು ಕೊಟ್ಟು ತಂದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆ. ತೂಕಕ್ಕೆ ಹೀಗೇ ಹೇಳಲಾಗದು, ಸಿಪ್ಪೆಯ ಒಳಗಿನ ಬಿಳಿ ಭಾಗ ಹಗುರ. ನಾನು ಹೇಳುತ್ತಿರುವುದು ಜಾಗದ ಲೆಕ್ಕ.

ಹಣ್ಣಿನ ಸೈಜು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸಿಪ್ಪೆ ತ್ರಿಜ್ಯದ ಎಷ್ಟನೇ ಪಾಲು ಅನ್ನುವುದಷ್ಟೇ ಮುಖ್ಯ. ತ್ರಿಜ್ಯದ ಎಂಟನೇ ಒಂದು ಪಾಲು ಸಿಪ್ಪೆಯಿದ್ದರೆ, ಅದು ಮೂಸಂಬಿಯಾಗಲಿ ಕಲ್ಲಂಗಡಿಯಾಗಲಿ, ಮೂರನೇ ಒಂದು ಭಾಗ ಸಿಪ್ಪೆಗೇ ಹೋಯಿತು.

ಮೇಸ್ತ್ರಿಯ ದಾರ ಇಲ್ಲಿ ನಡೆಯುತ್ತದೆಯೇ? ಸಿಪ್ಪೆಯ ನಡುಮಧ್ಯದ ಗೋಳದ ಮೈ ಅಳೆದು ದಪ್ಪದಿಂದ ಗುಣಿಸಿದರೆ? ಹತ್ತಿರ ಹತ್ತಿರ ಬರುತ್ತದೆ, ಆದರೆ ಸರಿಯಾಗಿ ಬರುವುದಿಲ್ಲ. ಪ್ರತಿ ಸಲವೂ ದಪ್ಪದ ಘನದ ಹೆಚ್ಚುಕಡಿಮೆ ಒಂದು ಪಟ್ಟು ಕಡಿಮೆ ಬೀಳುತ್ತದೆ, ಕರಾರುವಾಕ್ಕಾಗಿ ಹೇಳಬೇಕಾದರೆ ಪೈ ಬಾಗಿಲೆ ಮೂರು ಪಟ್ಟು. ಸಿಪ್ಪೆ ತೆಳುವಾದಷ್ಟೂ ತಪ್ಪು ಗಮನಕ್ಕೇ ಬಾರದು. ದಪ್ಪ ಮಾಡುತ್ತಾ ಹೋಗಿ ಇಡೀ ಗೋಳವೇ ಸಿಪ್ಪೆ ಅಂದುಕೊಂಡರೆ ಕಾಲು ಭಾಗ ಕಡಿಮೆ ಬರುತ್ತದೆ. ದಾರದ ಉಪಾಯ ಉಂಗುರಕ್ಕೆ ಹೇಳಿ ಮಾಡಿಸಿದ್ದು, ಗೋಳಕ್ಕೆ ಸಾಲದು. ಮೇಸ್ತ್ರಿಗೆ ಇದನ್ನು ಹೇಳಿದೆ. "ನಾವು ಗುಂಡುಬಾವಿ ತೋಡಲ್ಲ ಬಿಡಿ ಸಾರ್" ಅಂದ.

ಈಗ ನೀರಿನ ಆಟ. ಇದು ಸ್ಟೀಲ್ ಡಬ್ಬಿ. ಒಳಗಿನ ವ್ಯಾಸ 10 ಸೆಂಟಿಮೀಟರ್, ಎತ್ತರವೂ 10. ಇದು ಮಕ್ಕಳ ಪ್ಲಾಸ್ಟಿಕ್ ಚೆಂಡು, ಡಬ್ಬಿಗೆ ಹೆಚ್ಚುಕಡಿಮೆ ಬಿಗಿಯಾಗಿ ಕೂರುತ್ತದೆ. ಡಬ್ಬಿಯ ತುಂಬ ನೀರು ತುಂಬಿ, ಚೆಂಡನ್ನು ತಳ ಮುಟ್ಟುವ ತನಕ ಅದುಮುತ್ತೇನೆ. ಚೆಂಡಿನಷ್ಟು ನೀರು ಹೊರಗೆ, ಸಂದಿಯಷ್ಟು ನೀರು ಒಳಗೆ.

(ನೀರು ತಟ್ಟೆ ದಾಟಿ ಮೇಜಿಗೆ, ಮೇಜಿನಿಂದ ಮುಂದಿನ ಸಾಲಿನವರೊಬ್ಬರ ಚೀಲಕ್ಕೆ ಹೋಯಿತು. ಒರೆಸಿ ಮುಂದುವರಿಸಿದೆವು.)

ಚೆಂಡು ತೆಗೆದೆ. ಉಳಿದ ನೀರಿನ ಎತ್ತರ ಎಷ್ಟಿರಬೇಕು? ನನ್ನ ಪ್ರಕಾರ ಡಬ್ಬಿಯ ಮೂರನೇ ಒಂದು ಭಾಗ, 3.3 ಸೆಂಟಿಮೀಟರ್. ಸ್ಕೇಲ್ ಇಟ್ಟು ನೋಡು ಪುಟ್ಟಿ. ಎಷ್ಟು? 3.9?

ಚೆನ್ನಾಗಿದೆ. ಎರಡನೇ ಸಲ ಮರ್ಯಾದೆ ಹೋಯಿತು. ಚೆಂಡನ್ನೇ ಅಳೆಯೋಣ. ಎರಡು ಪುಸ್ತಕಗಳ ಮಧ್ಯೆ ಹಿಡಿದರೆ 9.7 ಸೆಂಟಿಮೀಟರ್. ಮೂರು ಮಿಲಿಮೀಟರ್ ಚಿಕ್ಕದು ಅಷ್ಟೇ. ಆ ನೂರಕ್ಕೆ ಮೂರು ವ್ಯತ್ಯಾಸ ಚೆಂಡಿನ ಘನಫಲದಲ್ಲಿ ನೂರಕ್ಕೆ ಒಂಬತ್ತರ ಹತ್ತಿರ ಆಗುತ್ತದೆ. ಚೆಂಡು ಕಳೆದುಕೊಂಡದ್ದೆಲ್ಲ ಸಂದಿಗೇ ಹೋಗಿ ಸೇರುತ್ತದೆ. ಸಂದಿ ಚೆಂಡಿಗಿಂತ ಚಿಕ್ಕದು, ಹಾಗಾಗಿ ಅದರ ಪಾಲಿಗೆ ಅದು ನೂರಕ್ಕೆ ಹದಿನೇಳೂವರೆ ತಪ್ಪು. 3.3 ಇರಬೇಕಾದದ್ದು 3.9 ಆಗಿದ್ದು ಹಾಗೆ. ಲೆಕ್ಕ ಸರಿಯಿತ್ತು, ಚೆಂಡು ಸರಿಯಿರಲಿಲ್ಲ. ಎರಡು ದೊಡ್ಡ ಅಳತೆಗಳನ್ನು ಕಳೆದು ಒಂದು ಚಿಕ್ಕದನ್ನು ಪಡೆಯುವ ಕೆಲಸದಲ್ಲಿ ಯಾವಾಗಲೂ ಈ ಕಾಟ ಇದ್ದೇ ಇರುತ್ತದೆ. ಅದಕ್ಕೇ ಗೊತ್ತಿದ್ದವರು ಸಂದಿಯನ್ನು ಸಾಧ್ಯವಾದಾಗೆಲ್ಲ ನೇರವಾಗಿ ಅಳೆಯುತ್ತಾರೆ, ನಮ್ಮ ಕೋಲಿನ ಹಾಗೆ.

ಹಾಗಾದರೆ ಚೆಂಡು ಸರಿಯಾಗಿದ್ದರೆ ಮೂರನೇ ಒಂದು ಅಂತ ಹೇಗೆ ಹೇಳಿದೆ? ಇದು ಆರ್ಕಿಮಿಡೀಸನ ಲೆಕ್ಕ. ಸಿಲಿಂಡರಿನೊಳಗೆ ಬಿಗಿಯಾಗಿ ಕೂತ ಗೋಳ ಸಿಲಿಂಡರಿನ ಮೂರನೇ ಎರಡು ಭಾಗ. ತಾನು ಕಂಡುಹಿಡಿದದ್ದರಲ್ಲಿ ಇದರ ಮೇಲೆ ಅವನಿಗೆ ಎಷ್ಟು ಪ್ರೀತಿ ಅಂದರೆ ಸಮಾಧಿಯ ಮೇಲೆ ಇದೇ ಚಿತ್ರ ಇರಲಿ ಅಂದಿದ್ದನಂತೆ. ಅವನು ಸತ್ತದ್ದು ಕ್ರಿಸ್ತಪೂರ್ವ 212ರಲ್ಲಿ. ಕ್ರಿಸ್ತಪೂರ್ವ 75ರಲ್ಲಿ ಸಿಸಿಲಿಗೆ ಅಧಿಕಾರಿಯಾಗಿ ಬಂದ ರೋಮಿನ ಸಿಸೆರೊ ಆ ಸಮಾಧಿ ಹುಡುಕಿದ. ಊರವರಿಗೇ ಅದರ ನೆನಪಿರಲಿಲ್ಲ. ಮುಳ್ಳುಪೊದೆಯ ನಡುವೆ ಒಂದು ಗೋಳ, ಒಂದು ಸಿಲಿಂಡರ್ ತಲೆಯೆತ್ತಿರುವುದು ಕಂಡು ಗುರುತು ಹಿಡಿದೆ ಅಂತ ಅವನೇ ಬರೆದಿದ್ದಾನೆ.

ಆರ್ಕಿಮಿಡೀಸ್ ಇದನ್ನು ಸಾಧಿಸಿ ತೋರಿಸಿದ ದಾರಿ ಬೇರೆ. ನಾನು ಸಂದಿಯ ಕಡೆಯಿಂದ ತೋರಿಸುತ್ತೇನೆ. ಗೋಳ ಕೂತಿರುವ ಡಬ್ಬಿಯನ್ನು ಚಾಕುವಿನಿಂದ ಅಡ್ಡಡ್ಡ ಬಿಲ್ಲೆಗಳಾಗಿ ಕುಯ್ದಿದ್ದೀರಿ ಅಂದುಕೊಳ್ಳಿ. ಪ್ರತಿ ಬಿಲ್ಲೆಯಲ್ಲೂ ಸಂದಿ ಒಂದು ಉಂಗುರ. ನಮ್ಮ ಬಾವಿಯ ಉಂಗುರವೇ! ಗೋಳದ ನಡುವಿನಿಂದ ಎಷ್ಟು ಮೇಲೆ ಕುಯ್ದಿರೋ ಅದಕ್ಕೆ ಎತ್ತರ ಅನ್ನೋಣ. ಡಬ್ಬಿಯ ತ್ರಿಜ್ಯದ ವರ್ಗದಲ್ಲಿ ಎತ್ತರದ ವರ್ಗ ಕಳೆದರೆ ಆ ಮಟ್ಟದಲ್ಲಿ ಗೋಳದ ಬಿಲ್ಲೆಯ ತ್ರಿಜ್ಯದ ವರ್ಗ ಸಿಗುತ್ತದೆ. ಉಂಗುರಕ್ಕೆ ಉಳಿಯುವುದು? ಎತ್ತರದ ವರ್ಗ, ಅಷ್ಟೇ. ಬೇರೇನೂ ಇಲ್ಲ. ಎತ್ತರ ಒಂದು ಸೆಂಟಿಮೀಟರ್ ಆದರೆ ಉಂಗುರ ಒಂದು ಸೆಂಟಿಮೀಟರ್ ತ್ರಿಜ್ಯದ ವೃತ್ತಕ್ಕೆ ಸಮ, ಎರಡಾದರೆ ಎರಡರದ್ದಕ್ಕೆ. ಈಗ ಉಂಗುರಗಳನ್ನೆಲ್ಲ ತೆಗೆದು, ಅವುಗಳಿಗೆ ಸಮವಾದ ವೃತ್ತಗಳನ್ನು ಅದೇ ಮಟ್ಟದಲ್ಲಿ ಜೋಡಿಸಿ. ನಡುವೆ ಸೊನ್ನೆ, ಮೇಲೆ ಹೋದಷ್ಟೂ ಅಗಲ, ಕೆಳಗೆ ಹೋದಷ್ಟೂ ಅಗಲ. ಏನಾಯಿತು? ಬುಡುಬುಡಿಕೆ!

ಚೆಂಡಿನ ಸುತ್ತ ಹಂಚಿಹೋಗಿದ್ದ ಆ ವಿಚಿತ್ರ ಜಾಗ, ಹಿಡಿಯಲು ಹೋದರೆ ಕೈಗೆ ಸಿಗದ ಆಕಾರ, ಒಟ್ಟುಗೂಡಿಸಿದರೆ ತುದಿಗೆ ತುದಿ ಸೇರಿದ ಎರಡು ಶಂಕು. ಶಂಕು ತನ್ನ ಸಿಲಿಂಡರಿನ ಮೂರನೇ ಒಂದು ಅಂತ ಎಲ್ಲರಿಗೂ ಗೊತ್ತು. ಎರಡೂ ಸೇರಿ ಇಡೀ ಡಬ್ಬಿಯ ಮೂರನೇ ಒಂದು. ಲೆಕ್ಕ ಮುಗಿಯಿತು. ನಾನು ಮೊದಲ ಸಲ ಇದನ್ನು ಕಂಡಾಗ ಕಾಲೇಜು ಹುಡುಗ. ಆವತ್ತು ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿ ಹೋಗಿತ್ತು.

ಬಿಲ್ಲೆಗಳು ಸಮವಾದರೆ ಘನಫಲವೂ ಸಮ ಅನ್ನುವುದಕ್ಕೆ ಕವಲಿಯೇರಿಯ ಹೆಸರಿದೆ. ಇಟಲಿಯವನು, 1635ರಲ್ಲಿ ಪುಸ್ತಕ ಬರೆದ. ಅವನಿಗಿಂತ ಸಾವಿರ ವರ್ಷಕ್ಕೂ ಮುಂಚೆ ಚೀನಾದ ಜು ಗೆಂಗ್‌ಝಿ ಇದೇ ತತ್ವ ಬಳಸಿ ಗೋಳದ ಘನಫಲ ಸಾಧಿಸಿದ್ದ. ಒಬ್ಬಟ್ಟಿನ ಅಟ್ಟಿಯನ್ನು ನೆಟ್ಟಗಿಟ್ಟರೂ ಓರೆಗಿಟ್ಟರೂ ಒಬ್ಬಟ್ಟು ಅಷ್ಟೇ ತಾನೆ?

ನಮ್ಮವರ ಲೆಕ್ಕಗಳನ್ನೂ ಇದೇ ಡಬ್ಬಿಗೆ ಹಾಕಿ ನೋಡಬೇಕು ಅನ್ನಿಸಿತು. 499ರಲ್ಲಿ ಆರ್ಯಭಟ ಗೋಳಕ್ಕೆ ಕೊಟ್ಟ ನಿಯಮ: ವೃತ್ತದ ವಿಸ್ತೀರ್ಣವನ್ನು ಅದರದೇ ವರ್ಗಮೂಲದಿಂದ ಗುಣಿಸು. ಅದರಂತೆ ಹೋದರೆ ಚೆಂಡು ಡಬ್ಬಿಯ ನೂರಕ್ಕೆ 89 ಭಾಗ ನುಂಗಿಬಿಡುತ್ತದೆ, ಸಂದಿಗೆ ಬರೀ 11. ಒಂದು ಡಬ್ಬಿ, ಒಂದು ಚೆಂಡು, ಒಂದು ಚೊಂಬು ನೀರು ಇದ್ದರೆ ತಪ್ಪು ಅಂತ ಕಾಣುತ್ತಿತ್ತು. ಆರ್ಯಭಟ ದೊಡ್ಡವನು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ತಪ್ಪಿದ್ದಾನೆ, ಅದನ್ನು ಹೇಳುವುದರಿಂದ ಅವನೇನು ಸಣ್ಣವನಾಗುವುದಿಲ್ಲ. ಮಹಾವೀರಾಚಾರ್ಯ ಎರಡು ಲೆಕ್ಕ ಕೊಡುತ್ತಾನೆ. ಸ್ಥೂಲವಾಗಿ ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು, ಸೂಕ್ಷ್ಮವಾಗಿ ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ 4.05 ಪಟ್ಟು. ನಿಜವಾದದ್ದು 4.19. ಅವನ ಸೂಕ್ಷ್ಮ ಲೆಕ್ಕದಲ್ಲಿ ಸಂದಿ ನೂರಕ್ಕೆ 35ರ ಆಚೀಚೆ ಬರುತ್ತದೆ, ಇರಬೇಕಾದದ್ದು 33. ನನ್ನ ಚೆಂಡಿಗಿಂತ ಎಷ್ಟೋ ವಾಸಿ! 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಸರಿಯಾದದ್ದನ್ನೇ ಹೇಳಿದ್ದಾನೆ. ಗೋಳದ ಮೈಯ ವಿಸ್ತೀರ್ಣವನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸು.

ಇನ್ನೊಂದಿದೆ. ಎರಡನೇ ಸಲ ಕೋಲು ಬೇಕಾಗುತ್ತದೆ ಅಂದಿದ್ದೆನಲ್ಲ, ಅದು ಇಲ್ಲಿ. ಈಗ ಆಟ ತಿರುವುಮುರುವು: ಹೊರಗೆ ಗೋಳ, ಒಳಗೆ ಸಿಲಿಂಡರ್. ಜಪಸರದ ಮಣಿ ಇದ್ದ ಹಾಗೆ. ದುಂಡು ಮಣಿಯ ನಡುವೆ ಆಚೆಯಿಂದ ಈಚೆಗೆ ತೂತು ಕೊರೆದಿದ್ದಾರೆ. ಕೊರೆದಾಗ ಮೇಲಿನ ಕೆಳಗಿನ ಟೊಪ್ಪಿಗೆಗಳೂ ಹೋಗುತ್ತವೆ, ಉಳಿಯುವುದು ಸುತ್ತಿನ ಗೋಡೆ. ಆ ಗೋಡೆಯ ಎತ್ತರ ಒಂದು ಸೆಂಟಿಮೀಟರ್. ಮಣಿಯ ಅಳತೆ ಹೇಳುವುದಿಲ್ಲ. ತೂತಿನ ಅಳತೆಯನ್ನೂ ಹೇಳುವುದಿಲ್ಲ. ಉಳಿದ ಭಾಗದ ಘನಫಲ ಹೇಳಿ.

ಹೇಳಲಾಗದು ಅನ್ನಿಸುತ್ತದೆ. ಮತ್ತೆ ಬಿಲ್ಲೆ ಕುಯ್ಯಿರಿ, ಮತ್ತೆ ಉಂಗುರ. ಅಡ್ಡಕ್ಕೆ ಕೋಲಿಡಿ. ಗೋಳದ ಬಿಲ್ಲೆಯ ತ್ರಿಜ್ಯದ ವರ್ಗ, ಕಳೆ ತೂತಿನ ತ್ರಿಜ್ಯದ ವರ್ಗ. ಕಳೆದಾಗ ಮಣಿಯ ಅಳತೆ, ತೂತಿನ ಅಳತೆ ಎರಡೂ ಜಾರಿಹೋಗುತ್ತವೆ. ಅರ್ಧ ಕೋಲಿನ ವರ್ಗ ಅಂದರೆ ಗೋಡೆಯ ಅರ್ಧ ಎತ್ತರದ ವರ್ಗದಲ್ಲಿ ನೀವು ಕುಯ್ದ ಎತ್ತರದ ವರ್ಗ ಕಳೆದದ್ದು, ಅಷ್ಟೇ. ಅದು ಒಂದು ಸೆಂಟಿಮೀಟರ್ ವ್ಯಾಸದ ಪುಟ್ಟ ಗೋಳದ ಬಿಲ್ಲೆಯೂ ಹೌದು. ಹಾಗಾಗಿ ಉತ್ತರ ಪೈ ಬಾಗಿಲೆ ಆರು, 0.52 ಘನ ಸೆಂಟಿಮೀಟರ್. ಮಣಿ ಗೋಲಿಯಷ್ಟಿರಲಿ, ಚಕ್ಕೋತದಷ್ಟಿರಲಿ, ಗೋಡೆ ಒಂದು ಸೆಂಟಿಮೀಟರ್ ಎತ್ತರ ಉಳಿದರೆ ಸಾಮಾನು ಅಷ್ಟೇ.

ಭೂಮಿಯನ್ನೇ ಮಣಿ ಮಾಡಿ. ವ್ಯಾಸ ಸುಮಾರು 12,742 ಕಿಲೋಮೀಟರ್. ಒಂದು ಸೆಂಟಿಮೀಟರ್ ಎತ್ತರದ ಬಳೆ ಮಾತ್ರ ಉಳಿಯುವ ಹಾಗೆ ಕೊರೆದುಬಿಡಿ. ಭೂಮಧ್ಯರೇಖೆಯ ಸುತ್ತ 40,000 ಕಿಲೋಮೀಟರ್ ಉದ್ದದ ಬಳೆ. ಅದರಲ್ಲಿರುವ ಮಣ್ಣು? ಅದೇ ಅರ್ಧ ಘನ ಸೆಂಟಿಮೀಟರ್ ಚಿಲ್ಲರೆ. ಬಳೆಯ ದಪ್ಪ ಒಂದು ಪರಮಾಣುವಿಗಿಂತಲೂ ಎಷ್ಟೋ ಕಡಿಮೆ ಬರುತ್ತದೆ, ಹಾಗಾಗಿ ಯಾರೂ ಕೊರೆಯಲು ಹೋಗಬೇಡಿ.

(ನಗು. ಮುಂದಿನ ಸಾಲಿನ ಚೀಲದವರು ಮಾತ್ರ ಇನ್ನೂ ಚೀಲ ಒರೆಸುತ್ತಿದ್ದರು.)

ಘನಾಕೃತಿಗಳ ವಿಷಯ ಬೇಗ ಮುಗಿಸುತ್ತೇನೆ, ಊಟದ ಹೊತ್ತಾಯಿತು. ಚೌಕ ಡಬ್ಬದೊಳಗೆ ಬಿಗಿಯಾಗಿ ಒಂದು ಲಾಡು ಕೂತರೆ ಸಂದಿ ನೂರಕ್ಕೆ 48ರಷ್ಟು. ಅದೇ ಡಬ್ಬದಲ್ಲಿ ಎಂಟು ಸಣ್ಣ ಲಾಡು ನೇರ ಸಾಲಿನಲ್ಲಿ ಜೋಡಿಸಿದರೂ 48. ಸಾವಿರ ಲಾಡು ಜೋಡಿಸಿದರೂ 48. ಲಾಡು ಸಣ್ಣ ಮಾಡಿದರೆ ಡಬ್ಬದಲ್ಲಿ ಜಾಸ್ತಿ ಸಿಹಿ ಹಿಡಿಯುತ್ತದೆ ಅನ್ನುವುದು ಭ್ರಮೆ. ಜೋಡಿಸುವ ರೀತಿ ಬದಲಾಯಿಸಬೇಕು. ಕೆ.ಆರ್. ಮಾರ್ಕೆಟ್ಟಿನಲ್ಲಿ ಕಿತ್ತಳೆ ಪೇರಿಸುತ್ತಾರಲ್ಲ, ಕೆಳಗಿನ ಹಣ್ಣುಗಳ ನಡುವಿನ ಗುಳಿಯಲ್ಲಿ ಮೇಲಿನದು ಕೂರುವ ಹಾಗೆ, ಆಗ ಸಂದಿ 26ಕ್ಕೆ ಇಳಿಯುತ್ತದೆ. ಅದಕ್ಕಿಂತ ಕಡಿಮೆ ಮಾಡಲಾಗದು ಅಂತ ಕೆಪ್ಲರ್ 1611ರಲ್ಲಿ ಹೇಳಿದ. ಥಾಮಸ್ ಹೇಲ್ಸ್ ಕಂಪ್ಯೂಟರ್ ಹಿಡಿದು ಅದು ನಿಜ ಅನ್ನುವುದಕ್ಕೆ ಸಾಧನೆ ಮುಂದಿಟ್ಟದ್ದು 1998ರಲ್ಲಿ.

ಇದೇ ಕೆಪ್ಲರ್ 1596ರಲ್ಲಿ ಗ್ರಹಗಳ ದಾರಿಗಳ ನಡುವಿನ ಅಂತರವನ್ನು ಒಂದರೊಳಗೊಂದು ಕೂತ ಐದು ಘನಾಕೃತಿಗಳಿಂದ ವಿವರಿಸಲು ಹೋಗಿದ್ದ. ಶನಿಗೂ ಗುರುವಿಗೂ ನಡುವೆ ಘನ, ಗುರುವಿಗೂ ಮಂಗಳಕ್ಕೂ ನಡುವೆ ನಾಲ್ಕು ತ್ರಿಭುಜ ಮುಖಗಳ ಚತುರ್ಮುಖಿ, ಹೀಗೆ. ತಪ್ಪು, ಆದರೆ ಎಂಥ ಚೆಂದದ ತಪ್ಪು! ಮನೆಗೆ ಹೋಗಿ ಪನೀರಿನ ಒಂದು ಘನ ತಗೊಳ್ಳಿ. ಒಂದು ಬಿಟ್ಟು ಒಂದರಂತೆ ನಾಲ್ಕು ಮೂಲೆ ಕತ್ತರಿಸಿ, ಪ್ರತಿ ಕತ್ತರಿಕೆಯೂ ಆ ಮೂಲೆಗೆ ಹತ್ತಿರದ ಮೂರು ಮೂಲೆಗಳ ಮೂಲಕ ಹೋಗಬೇಕು. ಒಳಗೆ ಚತುರ್ಮುಖಿ ಉಳಿಯುತ್ತದೆ. ಬಿದ್ದ ತುಂಡು ಒಂದೊಂದೂ ಘನದ ಆರನೇ ಒಂದು. ನಾಲ್ಕು ತುಂಡು ಹೋದರೆ ಉಳಿದದ್ದು ಮೂರನೇ ಒಂದು. ಸೂತ್ರವೇ ಬೇಡ. ಬಿದ್ದ ತುಂಡುಗಳನ್ನು ಪಲ್ಯಕ್ಕೆ ಹಾಕಿ.

(ಕೊನೆಗೆ ಪ್ರಶ್ನೆಗಳು. ಸ್ಕೇಲ್ ಹಿಡಿದಿದ್ದ ಎಂಟನೇ ಕ್ಲಾಸಿನ ಹುಡುಗಿಯೇ ಎದ್ದು ಕೇಳಿದಳು: "ಸಾರ್, ಸಂದಿಯಲ್ಲಿ ಜಲ್ಲಿ ತುಂಬಿದ್ರಲ್ಲ, ಜಲ್ಲಿ ಕಲ್ಲಿನ ಮಧ್ಯೆನೂ ಸಂದಿ ಇರುತ್ತಲ್ಲ. ಅದೆಷ್ಟು?")

ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಸೂತ್ರ ಇಲ್ಲಮ್ಮ. ಒಂದೊಂದು ಕಲ್ಲು ಒಂದೊಂದು ಆಕಾರ. ಕೋಲೂ ಇಲ್ಲ, ದಾರವೂ ಇಲ್ಲ. ಬಕೆಟ್ಟಿನಲ್ಲಿ ಜಲ್ಲಿ ತುಂಬಿ ನೀರು ಹುಯ್ದು ನೋಡಬೇಕು.

ಅಲ್ಲಿ ಹಾಗೆ ಹೇಳಿ ಬಂದೆ. ಮಾರನೇ ದಿನ ಬೆಳಗ್ಗೆ ಮಾಡಿಯೂ ನೋಡಿದೆ. ಹತ್ತು ಲೀಟರಿನ ಪೇಂಟ್ ಬಕೆಟ್, ಮಿಕ್ಕಿದ್ದ ಜಲ್ಲಿ. ಒಣ ಕಲ್ಲು ನೀರು ಕುಡಿಯುತ್ತದೆ ಅಂತ ಮೊದಲು ನೆನೆಸಿ, ಬಸಿದು, ಅಂಚಿನ ತನಕ ತುಂಬಿದೆ. ಆಮೇಲೆ ಅರ್ಧ ಲೀಟರಿನ ಅಳತೆ ಮಗ್ಗಿನಿಂದ ನೀರು ಹುಯ್ಯುತ್ತಾ ಹೋದೆ. ಎಂಟು ಮಗ್ಗು, ಒಂಬತ್ತನೆಯದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. 4.2 ಲೀಟರ್ ಅನ್ನೋಣ. ಅಂದರೆ ನೂರಕ್ಕೆ 42, ಚಕ್ಕೋತದ ತೊಳೆಯಷ್ಟೇ! ಇದು ಸುಮ್ನೆ ಕಾಕತಾಳೀಯ. ಅದೇ ಲೆಕ್ಕದಲ್ಲಿ ಬಾವಿಯ ಸುತ್ತಿನ 141 ಘನ ಅಡಿ ಜಲ್ಲಿಯಲ್ಲಿ 59 ಘನ ಅಡಿ ಖಾಲಿ ಜಾಗ, 1,680 ಲೀಟರ್ ನೀರು ನಿಲ್ಲುವಷ್ಟು.

ಬರೆದಿಟ್ಟುಕೊಂಡು ಎದ್ದಾಗ ಕಾಲು ತಾಗಿ ಬಕೆಟ್ಟು ಅಲ್ಲಾಡಿತು. ಜಲ್ಲಿ ಎರಡು ಬೆರಳಷ್ಟು ಕೆಳಗೆ ಕೂತಿತು, ಮೇಲೆ ನೀರು ನಿಂತಿತು. ಹಾಗಾಗಿ ಆ ಹುಡುಗಿ ಮತ್ತೆ ಸಿಕ್ಕಿ ಕೇಳಿದರೆ ಸಾವಿರದ ಐನೂರು ಚಿಲ್ಲರೆ ಲೀಟರ್ ಅನ್ನುತ್ತೇನೆ. ಚಿಲ್ಲರೆ ಎಷ್ಟು ಅಂತ ಅವಳೇ ಬಂದು ಅಳೆದುಕೊಳ್ಳಲಿ, ಬಕೆಟ್ಟು ಇಲ್ಲೇ ಇದೆ.